ಸುಳ್ಳು ಬರೆದ ಕಲ್ಲುಕುಟಿಗ ಕವಿ

ಜೀವನ ಚರಿತ್ರೆ ಅಂದ ಕೂಡಲೇ ನಾವೆಲ್ಲಾ ಸತ್ಯವಂತರ ಬಗ್ಗೆನೇ ಬರೀತೀವಿ. ಈ ಸಲ ನಾನು ಒಬ್ಬ ದೊಡ್ಡ ಸುಳ್ಳುಗಾರರ ಬಗ್ಗೆ ಬರೆಯುತ್ತಿದ್ದೇನೆ. ಇವರ ಹೆಸರು ಯೋಲೊ ಮೊರ್ಗಾನುಗ್. ಇವರನ್ನು ಇವರ ನಾಡಿನ ಜನ ಇವತ್ತಿಗೂ ಮರೆತಿಲ್ಲ.

ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ಗುಡ್ಡಗಾಡು ನಾಡು ವೇಲ್ಸ್. ಅಲ್ಲಿಯ ಭಾಷೆ ವೆಲ್ಷ್. ಅದಕ್ಕೂ ಇಂಗ್ಲಿಷಿಗೂ ಹೋಲಿಕೆಯೇ ಇಲ್ಲ. 1536ರಲ್ಲೇ ಅಲ್ಲಿನ ಕೋರ್ಟು ಕಚೇರಿಗಳಲ್ಲಿ ಇಂಗ್ಲಿಷೇ ನಡೆಯಬೇಕು ಅಂತ ಕಾನೂನಾಗಿತ್ತು. ಬರ್ತಾ ಬರ್ತಾ ದೊಡ್ಡ ಮನೆತನದವರು ವೆಲ್ಷ್ ಬಿಟ್ಟರು. ಅದು ಬಡವರ ಬಾಯಲ್ಲಿ ಉಳಿಯಿತು.

ಯೋಲೊ ಅವರು 10 ಮಾರ್ಚ್ 1747ರಂದು ಗ್ಲಾಮೋರ್ಗನ್ ಸೀಮೆಯ ಲಾನ್‌ಕಾರ್ವನ್ ಎಂಬಲ್ಲಿ ಜನಿಸಿದರು. ಮನೆಯವರು ಇಟ್ಟ ಹೆಸರು ಎಡ್ವರ್ಡ್ ವಿಲಿಯಮ್ಸ್. ಗ್ಲಾಮೋರ್ಗನ್‌ಗೆ ವೆಲ್ಷ್‌ನಲ್ಲಿ ಮೊರ್ಗಾನುಗ್ ಅಂತಾರೆ, ಅದನ್ನೇ ಕಾವ್ಯನಾಮ ಮಾಡಿಕೊಂಡರು. ತಂದೆ ಕಲ್ಲುಕುಟಿಗರು. ಇವರು ಶಾಲೆಗೆ ಹೋದವರಲ್ಲ. ಅಪ್ಪ ಸಮಾಧಿ ಕಲ್ಲಿನ ಮೇಲೆ ಅಕ್ಷರ ಕೆತ್ತುವುದನ್ನು ನೋಡಿ ನೋಡಿ ಅಕ್ಷರ ಕಲಿತರಂತೆ! ಓದು ಹೇಳಿಕೊಟ್ಟವರು ತಾಯಿ. ಮನೆಮಾತು ಹೆಚ್ಚಾಗಿ ಇಂಗ್ಲಿಷೇ. ವೆಲ್ಷನ್ನು ಆಮೇಲೆ ಊರಿನ ಕವಿಗಳ ಬಳಿ ಹಟ ಹಿಡಿದು ಕಲಿತರು. ಹೀಗೆ ಕಲಿತವರೇ ಆ ಭಾಷೆಯ ಹುಚ್ಚು ಹಿಡಿಸಿಕೊಂಡರು ನೋಡಿ.

ಅಪ್ಪನ ಕಸುಬನ್ನೇ ಮಾಡಿದರು, ಆದರೆ ದುಡ್ಡು ಕೈಯಲ್ಲಿ ನಿಲ್ಲಲಿಲ್ಲ. ಸಾಲ ತೀರಿಸಲಾಗದೆ 1786ರಲ್ಲಿ ಕಾರ್ಡಿಫ್ ಜೈಲು ಸೇರಿದರು. ಉಬ್ಬಸ ಬೇರೆ. ಅದಕ್ಕೆಂದು ಅಫೀಮಿನ ಔಷಧಿ ಕುಡಿಯುತ್ತಿದ್ದರು, ಆ ಚಟ ಸಾಯುವ ತನಕ ಬಿಡಲಿಲ್ಲ. ಮುಂದೆ ಕೌಬ್ರಿಜ್ ಪೇಟೆಯಲ್ಲಿ ಪುಸ್ತಕ, ದಿನಸಿ ಮಾರುವ ಅಂಗಡಿ ಇಟ್ಟರು. ಆಗ ವೆಸ್ಟ್ ಇಂಡೀಸ್ ಸಕ್ಕರೆ ಅಂದ್ರೆ ಗುಲಾಮರ ಬೆವರಿನ ಸಕ್ಕರೆ. ಇವರು ಅದನ್ನು ಮಾರದೆ, ಗುಲಾಮರು ಬೆಳೆಯದ ಈಸ್ಟ್ ಇಂಡಿಯಾ ಸಕ್ಕರೆ, ಅಂದರೆ ನಮ್ಮ ದೇಶದ ಕಡೆಯದು, ಮಾರುತ್ತಿದ್ದರು. ಇದು ನನಗೆ ತುಂಬಾ ಹಿಡಿಸಿತು. ವ್ಯಾಪಾರ ಮಾತ್ರ ಮುಳುಗಿತು.

ಇನ್ನು ಸುಳ್ಳಿನ ವಿಷಯಕ್ಕೆ ಬರೋಣ. ದಾವಿದ್ ಅಪ್ ಗ್ವಿಲಿಮ್ ಎಂಬವರು 14ನೇ ಶತಮಾನದ ವೆಲ್ಷ್ ಮಹಾಕವಿ. ಅವರ ಪದ್ಯಗಳನ್ನು 1789ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದಾಗ ಯೋಲೊ ಅವರು ಇನ್ನಷ್ಟು ಪದ್ಯ ಕಳಿಸಿಕೊಟ್ಟರು. ಹಳೇ ಕೈಬರಹದಿಂದ ಇಳಿಸಿಕೊಂಡಿದ್ದು ಅಂತ ಹೇಳಿದರು. ನಿಜವಾಗಿ ಅದರಲ್ಲಿ ಬಹಳಷ್ಟನ್ನು ತಾವೇ ಬರೆದಿದ್ದರು! ಹಳೇ ಶಬ್ದ, ಹಳೇ ಛಂದಸ್ಸು ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ಪಂಡಿತರಿಗೂ ಪತ್ತೆಯಾಗಲಿಲ್ಲ. ಮಜಾ ಅಂದ್ರೆ ಇವರು ಹಳ್ಳಿ ಹಳ್ಳಿ ನಡೆದು ನಿಜವಾದ ಕೈಬರಹಗಳನ್ನೂ ರಾಶಿ ರಾಶಿ ನಕಲು ಮಾಡಿದವರು. 1801ರಿಂದ 1807ರವರೆಗೆ ಬಂದ 3 ಸಂಪುಟಗಳ ಹಳೇ ವೆಲ್ಷ್ ಸಾಹಿತ್ಯದಲ್ಲಿ ಇವರ ದುಡಿಮೆ ಬಹಳ ಇದೆ. ಅದರೊಳಗೂ ಕಲಬೆರಕೆ ಮಾಡಿದರು. ಅಪ್ಪಟ ಹಾಲಿಗೆ ನೀರು ಹಾಕಿದ ಹಾಗೆ.

21 ಜೂನ್ 1792ರಂದು ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಸಣ್ಣ ಕಲ್ಲುಗಳನ್ನು ದುಂಡಗೆ ಇಟ್ಟು ಕವಿಗಳ ಸಭೆ ನಡೆಸಿದರು. ಅದರ ಹೆಸರು ಗೋರ್ಸೆದ್. ಕತ್ತಿಯನ್ನು ಒರೆಗೆ ಸೇರಿಸಿ ಶಾಂತಿ ಸಾರಿದರು. ಡ್ರೂಯಿಡ್ ಎಂಬ ಪುರಾತನ ಪುರೋಹಿತರ ಕಾಲದಿಂದ ನಡೆದು ಬಂದ ಪದ್ಧತಿ ಇದು ಅಂದರು. ಅದೂ ಇವರದೇ ಸೃಷ್ಟಿ.

ಅಲ್ಲಿ ಐಸ್ಟೆದ್‌ವೋದ್ ಎಂಬ ಕವಿ ಗಾಯಕರ ಸ್ಪರ್ಧೆ ಹಿಂದಿನಿಂದಲೂ ಇತ್ತು. ಇದು ಮಾತ್ರ ನಿಜ. 1819ರ ಜುಲೈನಲ್ಲಿ ಕಾರ್ಮಾರ್ಥನ್ ಊರಿನ ಒಂದು ಹೋಟೆಲಿನಲ್ಲಿ ಆ ಸ್ಪರ್ಧೆ ನಡೆಯಿತು. 72 ವರ್ಷದ ಯೋಲೊ ಅವರು ಹೋಟೆಲಿನ ತೋಟದಲ್ಲಿ ಕಲ್ಲು ಜೋಡಿಸಿ ತಮ್ಮ ಗೋರ್ಸೆದ್ ನಡೆಸಿದರು. ಬಿಷಪ್ಪರ ತೋಳಿಗೂ ರಿಬ್ಬನ್ ಕಟ್ಟಿದರು. ಶಾಲೆಯ ಮೆಟ್ಟಿಲು ಹತ್ತದ ಕಲ್ಲುಕುಟಿಗ, ಅಷ್ಟು ದೊಡ್ಡ ಗುರುಗಳಿಗೆ! ಅಂದಿನಿಂದ ಸ್ಪರ್ಧೆಗೂ ಗೋರ್ಸೆದ್‌ಗೂ ಗಂಟು ಬಿತ್ತು.

18 ಡಿಸೆಂಬರ್ 1826ರಂದು ಯೋಲೊ ಅವರು ತೀರಿಕೊಂಡರು. ಸಾಯುವ ತನಕ ಗುಟ್ಟು ಬಿಡಲಿಲ್ಲ. ಸರಿಯಾಗಿ 100 ವರ್ಷದ ಮೇಲೆ, 1926ರಲ್ಲಿ, ಜಿ. ಜೆ. ವಿಲಿಯಮ್ಸ್ ಎಂಬ ವಿದ್ವಾಂಸರು ಪದ್ಯಗಳ ಕಳ್ಳತನ ಬಯಲು ಮಾಡಿದರು. ಅಷ್ಟು ಕಾಲ ಯಾವುದು ಅಸಲಿ ಯಾವುದು ನಕಲಿ ತಿಳಿಯದೆ ಪಂಡಿತರು ದಾರಿ ತಪ್ಪಿದ್ದರು. ಈ ತಪ್ಪನ್ನು ನಾನಂತೂ ಸಣ್ಣದು ಅನ್ನಲಾರೆ. ಭಾಷೆಯ ಮೇಲಿನ ಪ್ರೀತಿಯಿಂದ ಮಾಡಿದರು ಅಂದರೂ, ನಂಬಿದವರಿಗೆ ಮೋಸವಾಯಿತಲ್ಲ? ಆದರೆ ಗುಟ್ಟು ಬಯಲು ಮಾಡಿದ ಅದೇ ವಿಲಿಯಮ್ಸ್ ಅವರು ಯೋಲೊ ದೊಡ್ಡ ಕವಿ ಎಂದೂ ಒಪ್ಪಿಕೊಂಡರು. ತಮ್ಮ ಹೆಸರಲ್ಲೇ ಬರೆದಿದ್ದರೆ ಏನಾಗ್ತಿತ್ತು ಅಂತ ನನಗೆ ಸಂಕಟ ಆಗುತ್ತೆ.

ಈಗಲೂ ಆಗಸ್ಟ್‌ನಲ್ಲಿ ವೇಲ್ಸ್‌ನ ರಾಷ್ಟ್ರೀಯ ಐಸ್ಟೆದ್‌ವೋದ್ ವೆಲ್ಷ್ ಭಾಷೆಯಲ್ಲೇ ನಡೆಯುತ್ತದೆ. ಬಿಳಿ, ನೀಲಿ, ಹಸಿರು ನಿಲುವಂಗಿ ತೊಟ್ಟ ಗೋರ್ಸೆದ್‌ನವರು ಮೆರವಣಿಗೆಯಲ್ಲಿ ಬಂದು, ಗೆದ್ದ ಕವಿಯನ್ನು ಕುರ್ಚಿಯ ಮೇಲೆ ಕೂರಿಸುತ್ತಾರೆ. ಈ ಪದ್ಧತಿ ಕಟ್ಟಿದವರು ಯಾರೆಂದು ಅಲ್ಲಿಯವರಿಗೆ ಗೊತ್ತು. ಗೊತ್ತಿದ್ದೂ ಕಲ್ಲುಗಳನ್ನು ದುಂಡಗೆ ಜೋಡಿಸುತ್ತಾರೆ.