ಸಂಗೀತ ಮುದ್ರಣದ ಹರಿಕಾರ ಪೆಟ್ರುಚಿ

ಬಲಿಪೂಜೆಯಲ್ಲಿ ಗೀತೆಗಳ ಪುಸ್ತಕ ಹಿಡಿದು ಹಾಡುವ ನಾವು, ಸಂಗೀತವನ್ನು ಅಚ್ಚಿಗಿಳಿಸಲು ಶ್ರಮಿಸಿದವರನ್ನು ಸ್ಮರಿಸುವುದು ವಿರಳ. ಅವರಲ್ಲಿ ಅಗ್ರಗಣ್ಯರು ಇಟಲಿಯ ಒಟ್ಟಾವಿಯಾನೊ ಪೆಟ್ರುಚಿ.

1466ರಲ್ಲಿ ಫೊಸ್ಸೊಂಬ್ರೊನೆ ಪಟ್ಟಣದಲ್ಲಿ ಜನಿಸಿದ ಇವರು ವೆನಿಸ್ ನಗರಕ್ಕೆ ಬಂದು, 1498ರಲ್ಲಿ ಅಲ್ಲಿನ ಸರ್ಕಾರದಿಂದ ಸಂಗೀತ ಮುದ್ರಣಕ್ಕೆ 20 ವರ್ಷಗಳ ಏಕಸ್ವಾಮ್ಯ ಪಡೆದರು. 1501ರಲ್ಲಿ ಇವರ ಪ್ರಥಮ ಗ್ರಂಥ ಹೊರಬಂದಿತು. ಒಂದೇ ಹಾಳೆಯ ಮೇಲೆ ಗೆರೆಗಳನ್ನೂ ಸ್ವರಗಳನ್ನೂ ಬೇರೆಬೇರೆಯಾಗಿ ಒತ್ತುವ ಸೂಕ್ಷ್ಮ ಕಾರ್ಯವದು. ಡೊಮಿನಿಕನ್ ಸಭೆಯ ಪೆತ್ರುಸ್ ಕಾಸ್ತೆಲ್ಲಾನುಸ್ ಗುರುಗಳು ಸಂಪಾದನೆಯಲ್ಲಿ ನೆರವಾದರು. 1502ರಲ್ಲಿ ಜೋಸ್ಕಿನ್ ರಚಿಸಿದ ಬಲಿಪೂಜಾ ಸಂಗೀತವೂ ಇಲ್ಲಿಯೇ ಅಚ್ಚಾಯಿತು. ಮುದ್ರಣವಾದ ಮೇಲೂ ಕಂಡುಬಂದ ತಪ್ಪುಗಳನ್ನು ಲೇಖನಿಯಿಂದ ತಿದ್ದಿಸುವಷ್ಟು ಶ್ರದ್ಧೆ ಆ ಮುದ್ರಣಾಲಯದಲ್ಲಿತ್ತು.

ಆದರೂ 1507ರಲ್ಲಿ ಪ್ರಕಟವಾದ ಲ್ಯೂಟ್ ವಾದ್ಯದ ಗ್ರಂಥಗಳಲ್ಲಿ ದೋಷಗಳು ಹೇರಳ. ಲ್ಯೂಟ್ ಎಂಬುದು ಬೆರಳಿನಿಂದ ಮೀಟುವ ತಂತಿವಾದ್ಯ. ಪೆಟ್ರುಚಿಯವರ ಊರಿನವರೇ ಆದ ಫ್ರಾನ್ಸೆಸ್ಕೊ ಸ್ಪಿನಾಚಿನೊ ಈ ಗ್ರಂಥಗಳ ಕರ್ತೃ. ಆರು ಗೆರೆಗಳು ತಂತಿಗಳನ್ನೂ, ಗೆರೆಯ ಮೇಲಿನ ಅಂಕಿಗಳು ಬೆರಳಿಡಬೇಕಾದ ಮನೆಯನ್ನೂ ಸೂಚಿಸುತ್ತವೆ. ಅಂಕಿಯೊಂದು ಪಕ್ಕದ ಗೆರೆಗೆ ಜಾರಿದರೂ ಅಚ್ಚುಮೊಳೆ ಜೋಡಿಸುವವನ ಕಣ್ಣಿಗೆ ಅದು ಸರಿಯಾಗಿಯೇ ಕಾಣುತ್ತದೆ. ಕಿವಿಗೆ ಮಾತ್ರ ತಪ್ಪು ತಿಳಿಯುತ್ತದೆ.

ಇಬ್ಬರು ಕೂಡಿ ನುಡಿಸುವ ರಚನೆಗಳಲ್ಲಿ ಗೊಂದಲ ಇಮ್ಮಡಿ. ಒಬ್ಬನು ಕೆಳಸ್ವರಗಳನ್ನು ನುಡಿಸಿದರೆ ಇನ್ನೊಬ್ಬನು ಮೇಲಿನ ರಾಗವನ್ನು ಅಲಂಕರಿಸಿ ನುಡಿಸುತ್ತಾನೆ. ಬೇರೆಬೇರೆಯಾಗಿ ನುಡಿಸಿದಾಗ ಇಂಪಾಗಿಯೇ ಕೇಳುವ ಭಾಗಗಳು, ಕೂಡಿದಾಗ ಘರ್ಷಿಸಬಹುದು. ತಪ್ಪು ಯಾರ ಹಾಳೆಯಲ್ಲಿದೆ? ರಚಿಸಿದವರದೋ, ಪ್ರತಿ ಮಾಡಿದವರದೋ, ಮುದ್ರಿಸಿದವರದೋ? ಕೆಲವು ರಚನೆಗಳಿಗೆ ಎರಡು ಲ್ಯೂಟ್‌ಗಳನ್ನು ಭಿನ್ನ ಶ್ರುತಿಗೆ ಕೂಡಿಸಬೇಕು. ಇದನ್ನರಿಯದವರಿಗೆ ಸರಿಯಾದ ಸ್ವರವೂ ತಪ್ಪೆನಿಸುತ್ತದೆ. ಆದ್ದರಿಂದ ತಿದ್ದುವ ಮುನ್ನ ಎರಡು ಭಾಗಗಳನ್ನೂ ತಾಳ್ಮೆಯಿಂದ ಹೋಲಿಸಿ ನೋಡುವುದು ಅನಿವಾರ್ಯ.

1511ರಲ್ಲಿ ಪೆಟ್ರುಚಿಯವರು ಹುಟ್ಟೂರಿಗೆ ಮರಳಿದರು. 1513ರಲ್ಲಿ ಜಗದ್ಗುರು ಹತ್ತನೇ ಲಿಯೋರವರು ತಮ್ಮ ಆಡಳಿತದ ರಾಜ್ಯಗಳಲ್ಲಿ ಸಂಗೀತ ಮುದ್ರಿಸಲು ಇವರಿಗೆ 15 ವರ್ಷಗಳ ಹಕ್ಕು ದಯಪಾಲಿಸಿದರು. ಅದೇ ವರ್ಷ, ಪಾಸ್ಖ ಹಬ್ಬದ ದಿನಾಂಕ ನಿರ್ಣಯವನ್ನು ಕುರಿತು ಅಲ್ಲಿನ ಧರ್ಮಾಧ್ಯಕ್ಷ ಮಿಡೆಲ್‌ಬರ್ಗ್‌ನ ಪೌಲರು ಬರೆದ ಗ್ರಂಥವನ್ನು ಇವರು ಮುದ್ರಿಸಿದರು. 1539ರಲ್ಲಿ ವೆನಿಸ್‌ನಲ್ಲಿ ದೈವಾಧೀನರಾದರು.

ಏಕಾಂತದಲ್ಲಿ ನಮ್ಮ ಸ್ವರ ನಮಗೆ ಸರಿಯಾಗಿಯೇ ಕೇಳುತ್ತದೆ. ಅದರ ಲೋಪ ಹೊರಬೀಳುವುದು ಮತ್ತೊಬ್ಬರ ಜೊತೆಗೂಡಿದಾಗಲೇ. ಕುಟುಂಬದಲ್ಲಾಗಲಿ ಧರ್ಮಕೇಂದ್ರದಲ್ಲಾಗಲಿ ಅಪಸ್ವರ ಮೂಡಿದಾಗ, ಪಕ್ಕದವರ ಹಾಳೆಯತ್ತ ಬೆರಳು ತೋರುವ ಮುನ್ನ ನಮ್ಮ ಹಾಳೆಯನ್ನೂ ಒಮ್ಮೆ ಪರಿಶೀಲಿಸೋಣ.