ದಿವಾನರ ರೈಲು, ಜಹಗೀರಿನ ಜನ

2025ರ ಮೇ 15ರಂದು ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಸಂಚಾರ ಆರಂಭವಾಯಿತು. ಗದಗ–ವಾಡಿ ಹೊಸ ಮಾರ್ಗದ ಒಂದು ಭಾಗ ಹೀಗೆ ಬಳಕೆಗೆ ಬಂದಿತು. ಈ ಮಾರ್ಗ ಕೊನೆಗೆ ಸೇರಬೇಕಿರುವ ವಾಡಿಯ ಹೆಸರು ಕೇಳಿದಾಗಲೆಲ್ಲ ನನಗೆ ಹೈದರಾಬಾದ್ ಸಂಸ್ಥಾನದ ದಿವಾನರಾಗಿದ್ದ ಮೊದಲನೆಯ ಸರ್ ಸಾಲಾರ್ ಜಂಗ್ ನೆನಪಾಗುತ್ತಾರೆ. 1874ರಲ್ಲಿ ಇದೇ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು ಅವರ ಆಡಳಿತದಲ್ಲಿ. ಕೊಪ್ಪಳ ಮತ್ತು ಯಲಬುರ್ಗಾ ಅವರ ಮನೆತನದ ಜಹಗೀರು. ಸಂಸ್ಥಾನಕ್ಕೆ ರೈಲು ತಂದ ದಿವಾನರ ಸ್ವಂತ ಸೀಮೆಗೆ ಅವರ ಜೀವಿತಕಾಲದಲ್ಲಿ ರೈಲು ಬರಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

ಮೀರ್ ತುರಾಬ್ ಅಲಿ ಖಾನ್ ಅವರ ಹುಟ್ಟು 1829ರಲ್ಲಿ. ಪೂರ್ವಜರು ವಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಸೇವೆ ಸಲ್ಲಿಸಿದವರು. ಚಿಕ್ಕಪ್ಪ ಸಿರಾಜ್-ಉಲ್-ಮುಲ್ಕ್ ತೀರಿಕೊಂಡ ಮೇಲೆ 1853ರಲ್ಲಿ, 24ರ ಹರೆಯದಲ್ಲೇ, ಅವರು ದಿವಾನರಾದರು. ಅದಕ್ಕಿಂತ ಕೆಲವೇ ದಿನ ಮೊದಲು ಸೇನೆಯ ವೆಚ್ಚದ ಬಾಕಿಗಾಗಿ ಬೇರಾರ್, ಧಾರಾಶಿವ ಹಾಗೂ ಕೃಷ್ಣಾ–ತುಂಗಭದ್ರೆಯರ ನಡುವಣ ರಾಯಚೂರು ದೋಆಬ್ ಬ್ರಿಟಿಷರ ಕೈಸೇರಿದ್ದವು. ಬರಿದಾದ ಖಜಾನೆ, ಸಾಲಗಾರರ ಕಾಟ, ಕಂದಾಯವನ್ನು ಗುತ್ತಿಗೆ ಹಿಡಿದವರ ದರ್ಬಾರು: ಇವಿಷ್ಟೂ ಅವರಿಗೆ ದಕ್ಕಿದ ಆಸ್ತಿ.

ಮೂವತ್ತು ವರ್ಷಗಳ ಕಾಲ, ಮೂವರು ನಿಜಾಮರ ಅವಧಿಯಲ್ಲಿ, ಅವರು ಈ ಅವ್ಯವಸ್ಥೆಯನ್ನು ತಿದ್ದಿದರು. ಕಂದಾಯ ಗುತ್ತಿಗೆಯನ್ನು ತೆಗೆದು ಸಂಬಳದ ಅಧಿಕಾರಿಗಳನ್ನು ನೇಮಿಸಿದರು. 1860ರ ದಶಕದಲ್ಲಿ ಜಿಲ್ಲಾಬಂದಿ ಮಾಡಿ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿದರು. ನ್ಯಾಯಾಲಯ, ಪೊಲೀಸು, ಲೋಕೋಪಯೋಗಿ ಮುಂತಾದ ಇಲಾಖೆಗಳು ರೂಪುಗೊಂಡವು. ಇಂದಿನ ಕಲ್ಯಾಣ ಕರ್ನಾಟಕದ ಆಡಳಿತದ ತಳಪಾಯ ಬಹುಮಟ್ಟಿಗೆ ಆಗ ಬಿದ್ದದ್ದೇ.

ಆದರೆ ನಮ್ಮ ಸೀಮೆಯ ನೆನಪಿನಲ್ಲಿ ಈ ಕಾಲಕ್ಕೆ ಇನ್ನೊಂದು ಮುಖವಿದೆ. 1858ರಲ್ಲಿ ಮುಂಡರಗಿ ಭೀಮರಾಯರು ಮತ್ತು ಹಮ್ಮಿಗೆ ಕೆಂಚನಗೌಡರು ಕೊಪ್ಪಳದ ಕೋಟೆ ಹಿಡಿದು ಬ್ರಿಟಿಷರೊಡನೆ ಹೋರಾಡಿ ಮಡಿದರು. ದಿವಾನರು ಬ್ರಿಟಿಷರ ಪಕ್ಷದಲ್ಲಿ ದೃಢವಾಗಿ ನಿಂತಿದ್ದರು. ಆ ನಿಷ್ಠೆಗೆ ಪ್ರತಿಫಲವೆಂಬಂತೆ 1860ರಲ್ಲಿ ರಾಯಚೂರು ದೋಆಬ್ ನಿಜಾಮರಿಗೆ ಮರಳಿತು. ಇಂದಿನ ಗಂಗಾವತಿ, ಕುಷ್ಟಗಿ ತಾಲ್ಲೂಕುಗಳ ಜನ ಏಳು ವರ್ಷಗಳಲ್ಲಿ ಎರಡು ಬಾರಿ ಒಡೆಯರನ್ನು ಬದಲಿಸಿಕೊಂಡರು. ಎರಡು ಸಲವೂ ಅವರನ್ನು ಯಾರೂ ಕೇಳಲಿಲ್ಲ.

ರೈಲಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. 1871ರಲ್ಲಿ ಮುಂಬಯಿಯ ಹಳಿ ವಾಡಿಯನ್ನು ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಸಿಕಂದರಾಬಾದಿಗೆ ಕವಲು ಮಾರ್ಗ ಬೇಕೆಂದು ಬ್ರಿಟಿಷರು ಒತ್ತಾಯಿಸಿದ್ದಕ್ಕೆ ಅಲ್ಲಿದ್ದ ದಂಡುಪ್ರದೇಶ ಮುಖ್ಯ ಕಾರಣ. ಹೊರೆ ಮಾತ್ರ ನಿಜಾಮರ ಖಜಾನೆಯ ಮೇಲೆ. ದಿವಾನರು ಒಪ್ಪಿದರು, ಮಾರ್ಗವನ್ನು ಮುಗಿಸಿದರು. ಅದರಿಂದ ರಾಜಧಾನಿ ಬೆಳೆಯಿತು. ಎರಡೇ ವರ್ಷಗಳಲ್ಲಿ, 1876ರಿಂದ 1878ರವರೆಗೆ, ಭೀಕರ ಬರ ದಖ್ಖನ್ನನ್ನು ಹಿಂಡಿತು. ಹಳಿಯ ಬದಿಯ ಊರುಗಳಿಗೆ ಧಾನ್ಯ ಬರುವುದಾದರೂ ಸಾಧ್ಯವಿತ್ತು. ಒಳನಾಡಿನ ಕುಷ್ಟಗಿ, ಯಲಬುರ್ಗಾಗಳಿಗೆ ಎತ್ತಿನ ಗಾಡಿಯೇ ಗತಿ. ಎತ್ತಿಗೇ ಮೇವಿಲ್ಲದ ಕಾಲದಲ್ಲಿ ಗಾಡಿ ಎಳೆಯುವವರಾರು? ಈ ಬರದ ಪಾಠದಿಂದಲೇ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹೊಸಪೇಟೆ–ಗದಗ ಹಳಿ ಕೊಪ್ಪಳವನ್ನು ಮುಟ್ಟುವ ಹೊತ್ತಿಗೆ ಸಾಲಾರ್ ಜಂಗ್ ಇರಲಿಲ್ಲ. 1883ರ ಫೆಬ್ರುವರಿ 8ರಂದು ಕಾಲರಾ ಅವರನ್ನು ಬಲಿ ತೆಗೆದುಕೊಂಡಿತ್ತು.

ನೌಕರಿಯ ವಿಷಯದಲ್ಲೂ ಅವರ ಪರಂಪರೆ ಇಬ್ಬಗೆಯದು. ಹೊಸ ಇಲಾಖೆಗಳಿಗೆ ಉತ್ತರ ಹಿಂದೂಸ್ಥಾನದಿಂದ ಸಮರ್ಥರನ್ನು ಕರೆತಂದರು. ಆಡಳಿತ ಚುರುಕಾಯಿತು ನಿಜ. ಆದರೆ ಕನ್ನಡ ನಾಡಿನ ಹಳ್ಳಿಗನಿಗೆ ಕಚೇರಿಯ ಭಾಷೆಯೂ ಕುರ್ಚಿಯೂ ದೂರವೇ ಉಳಿದವು. ಮುಲ್ಕಿ, ಗೈರ್‌ಮುಲ್ಕಿ ಎಂಬ ಜಗಳದ ಬೇರು ಇಲ್ಲಿದೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯವರೆಗೂ ಆ ಬೇರು ಹಬ್ಬಿದೆ ಎಂದು ನಾನು ತಿಳಿದಿದ್ದೇನೆ.

ಹಾಗೆಂದು ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರು ಕಟ್ಟಿದ ರೈಲು ಸಂಸ್ಥೆಯೇ 1932ರಲ್ಲಿ ರಸ್ತೆ ಸಾರಿಗೆ ವಿಭಾಗವನ್ನು ತೆರೆದು 27 ಬಸ್‌ಗಳನ್ನು ಓಡಿಸಿತು. ರೈಲು, ಬಸ್ಸು ಎರಡೂ ಒಂದೇ ಆಡಳಿತದ ಕೈಯಲ್ಲಿದ್ದವು. ಇಂದು ಆ ಜೋಡಣೆ ಎಲ್ಲಿದೆ? ರೈಲು ಕೇಂದ್ರದ್ದು, ಬಸ್ಸು ರಾಜ್ಯದ ನಿಗಮದ್ದು. ಎರಡರ ವೇಳಾಪಟ್ಟಿಯನ್ನೂ ಕೂಡಿಸಿ ನೋಡುವ ಹೊಣೆ ಯಾರದೂ ಅಲ್ಲ.

ಇದರ ಬೆಲೆಯನ್ನು ತೆರುವವರು ದುಡಿಯುವ ಜನ. ಗಿಣಿಗೇರಾ ಸುತ್ತಮುತ್ತ ಕಬ್ಬಿಣ, ಉಕ್ಕಿನ ಕಾರ್ಖಾನೆಗಳಿವೆ. ಭಾನಾಪುರದ ಬಳಿ ಆಟಿಕೆ ತಯಾರಿಕೆಯ ಕೈಗಾರಿಕಾ ಪ್ರದೇಶ ತಲೆಯೆತ್ತಿದೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿವೆ. 2019ರಲ್ಲಿ ಅಲ್ಲಿಗೆ ರೈಲೂ ಬಂದಿತು. ಆದರೂ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹಳ್ಳಿಗಳಿಂದ ಜನ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಜಿಲ್ಲೆಯೊಳಗಿನ ಕೆಲಸಕ್ಕೆ ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವ ಭರವಸೆಯಿದ್ದರೆ ಅವರಲ್ಲಿ ಕೆಲವರಾದರೂ ಊರಲ್ಲೇ ಉಳಿದಾರು. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್‌ಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಆದರೆ ಪಾಳಿ ಮುಗಿದ ಮೇಲೆ ಊರಿಗೆ ಬಸ್ಸೇ ಇಲ್ಲದಿದ್ದರೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವೇನು?

ನಾನು ಕೇಳುವುದು ದೊಡ್ಡ ಮೊತ್ತದ ಯೋಜನೆಯನ್ನಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಒಂದೇ ಸಂಚಾರ ವಲಯವೆಂದು ಬಗೆದು, ಕಾರ್ಖಾನೆಯ ಪಾಳಿಗೆ ರೈಲನ್ನೂ ರೈಲಿನ ವೇಳೆಗೆ ಹಳ್ಳಿಯ ಬಸ್ಸನ್ನೂ ಹೊಂದಿಸುವ ಒಂದು ಸಮಿತಿ ಜಿಲ್ಲಾ ಮಟ್ಟದಲ್ಲಿ ಬೇಕು. ಅದರಲ್ಲಿ ರೈಲ್ವೆ, ಸಾರಿಗೆ ನಿಗಮ, ಕಾರ್ಖಾನೆಗಳ ಜೊತೆಗೆ ಪ್ರಯಾಣಿಸುವ ಕಾರ್ಮಿಕರೂ ಇರಬೇಕು.

ಸಾಲಾರ್ ಜಂಗ್ ಹಳಿ ಹಾಕಿಸಿದರು. ಅದು ಯಾರ ಊರಿಗೆ, ಯಾರ ಅಗತ್ಯಕ್ಕೆ ಎಂಬುದನ್ನು ದಂಡಿನ ಲೆಕ್ಕಾಚಾರವೇ ತೀರ್ಮಾನಿಸಿತು. ಪ್ರಜಾಪ್ರಭುತ್ವದಲ್ಲಿ ಅಂತಹ ನೆವವಿಲ್ಲ. ವಾಡಿಯ ಹಳಿ ಪೂರ್ಣವಾಗುವುದರೊಳಗೆ ಆ ಲೆಕ್ಕವನ್ನು ದುಡಿಯುವವರ ಕಡೆಯಿಂದ ಹಾಕುವುದನ್ನು ನಾವು ಕಲಿಯಬೇಕು.