ಲಿಬ್ಬೀ ಹೈಮನ್ ವಿದುಷಿಯ ಜೀವಿತವೃತ್ತಾಂತ

ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡು ಗಿಡದಂತೆ ತೋರುವ ಸ್ಪಂಜೂ, ತೆರೆಗಳೊಡನೆ ತೇಲುವ ಲೋಳೆಮೀನೂ, ಹವಳದ ದಿಬ್ಬಗಳನ್ನು ಕಟ್ಟುವ ಕಿರುಜೀವಿಗಳೂ ಪ್ರಾಣಿವರ್ಗಕ್ಕೇ ಸೇರಿದವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಬೆನ್ನೆಲುಬಿಲ್ಲದ ಇಂಥ ಪ್ರಾಣಿಗಳನ್ನು ಕುರಿತು ಆರು ಮಹಾಸಂಪುಟಗಳನ್ನು ಯಾರ ಸಹಾಯವೂ ಇಲ್ಲದೆ ರಚಿಸಿದವರು ಒಬ್ಬ ಸ್ತ್ರೀ ಎಂಬುದು ಮಾತ್ರ ಅನೇಕರಿಗೆ ತಿಳಿದಿರಲಾರದು. ಆಕೆಯ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಲಿಬ್ಬೀ ಹೈಮನ್ 1888ನೆಯ ಇಸವಿ ಡಿಸೆಂಬರ್ 6ನೆಯ ತಾರೀಖಿನಲ್ಲಿ ಅಮೇರಿಕದ ಅಯೋವಾ ಸಂಸ್ಥಾನದಲ್ಲಿ ಜನಿಸಿದಳು. ತಂದೆ ತಾಯಿಗಳು ಯೂರೋಪಿನಿಂದ ವಲಸೆ ಬಂದ ಯೆಹೂದ್ಯರು. ತಂದೆಯು ಫೋರ್ಟ್ ಡಾಜ್ ಎಂಬ ಸಣ್ಣ ಪಟ್ಟಣದಲ್ಲಿ ಬಟ್ಟೆಯಂಗಡಿ ಇಟ್ಟಿದ್ದನು, ವ್ಯಾಪಾರವು ಕೈಹತ್ತಲಿಲ್ಲ. ತಾಯಿಯು ಬಹು ಕಟ್ಟುನಿಟ್ಟಿನವಳು. ಮನೆಗೆಲಸದ ಬಹುಭಾಗವು ಮಗಳ ಮೇಲೆಯೇ ಬಿದ್ದಿತು. ಬಿಡುವು ದೊರೆತಾಗ ಆ ಬಾಲಿಕೆಯು ಹೊಲ ಕಾಡುಗಳಲ್ಲಿ ತಿರುಗಿ ಹೂವುಗಳನ್ನೂ ಪತಂಗಗಳನ್ನೂ ಕೂಡಿಸಿ, ಸಸ್ಯಶಾಸ್ತ್ರದ ಒಂದು ಪಾಠಪುಸ್ತಕದ ಸಹಾಯದಿಂದ ಹೂವುಗಳ ಹೆಸರುಗಳನ್ನು ತಾನೇ ಗುರುತಿಸುತ್ತಿದ್ದಳು.

1905ರಲ್ಲಿ ಹೈಸ್ಕೂಲಿನ ವ್ಯಾಸಂಗವನ್ನು ತನ್ನ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾಗಿದ್ದು ಎಲ್ಲರಿಗಿಂತ ಮೇಲಾಗಿ ಮುಗಿಸಿದಳು. ಉಪಾಧ್ಯಾಯಿನಿಯಾಗಲು ಪರೀಕ್ಷೆಯಲ್ಲಿ ತೇರ್ಗಡೆಯಾದರೂ ವಯಸ್ಸು ಸಾಲದೆಂದು ಕೆಲಸ ಸಿಕ್ಕಲಿಲ್ಲ. ಕಡೆಗೆ ಕಾರ್ಖಾನೆಯೊಂದರಲ್ಲಿ ಓಟ್ಸ್ ಧಾನ್ಯದ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೂಲಿಗೆ ಸೇರಿದಳು. ವಿಶ್ವವಿದ್ಯಾನಿಲಯಕ್ಕೆ ಹೋಗಬಹುದೆಂಬ ಯೋಚನೆಯೇ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. 1906ರ ಶರತ್ಕಾಲದಲ್ಲಿ ಒಂದು ದಿನ ಅವಳು ಕಾರ್ಖಾನೆಯಿಂದ ಮನೆಗೆ ಹಿಂದಿರುಗುವಾಗ, ಅವಳಿಗೆ ಜರ್ಮನ್ ಭಾಷೆಯನ್ನು ಕಲಿಸಿದ್ದ ಮೇರಿ ಕ್ರಾಫರ್ಡ್ ಎಂಬ ಉಪಾಧ್ಯಾಯಿನಿಯು ದಾರಿಯಲ್ಲಿ ಎದುರಾದರು. ತಮ್ಮ ಉತ್ತಮ ವಿದ್ಯಾರ್ಥಿನಿಯು ಚೀಟಿ ಅಂಟಿಸುವುದನ್ನು ಕೇಳಿ ಬೆರಗಾಗಿ, ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿವೇತನವನ್ನು ದೊರಕಿಸಿಕೊಟ್ಟರು. ಆ ದಿನ ಗುರುಶಿಷ್ಯೆಯರು ಬೇರೆ ಬೇರೆ ಬೀದಿಗಳಲ್ಲಿ ನಡೆದಿದ್ದರೆ ಏನಾಗುತ್ತಿತ್ತೋ! ಉಪಾಧ್ಯಾಯಿನಿಯರಾದ ನಮಗೆ ಈ ಸಂಗತಿಯನ್ನು ಸುಮ್ಮನೆ ದಾಟಿಹೋಗುವುದು ಸಾಧ್ಯವಿಲ್ಲ.

ಷಿಕಾಗೋದಲ್ಲಿ ಆಕೆಯು ಮೊದಲು ಸಸ್ಯಶಾಸ್ತ್ರವನ್ನು ಹಿಡಿದಳು. ಯೆಹೂದ್ಯಳೆಂಬ ಕಾರಣದಿಂದ ಅಲ್ಲಿ ತಿರಸ್ಕಾರವನ್ನು ಅನುಭವಿಸಬೇಕಾಯಿತು. ರಸಾಯನಶಾಸ್ತ್ರವು ಮನಸ್ಸಿಗೆ ಹಿಡಿಸಲಿಲ್ಲ. ಕಡೆಗೆ ಪ್ರಾಣಿಶಾಸ್ತ್ರದಲ್ಲಿ ನೆಲೆ ಸಿಕ್ಕಿತು. 1915ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1931ರವರೆಗೂ ಪ್ರೊಫೆಸರ್ ಚೈಲ್ಡ್‌ರವರ ಸಹಾಯಕಿಯಾಗಿ ದುಡಿದರು. ಅಷ್ಟರಲ್ಲಿ ತಂದೆಯು ತೀರಿಹೋಗಿ ಸಂಸಾರವೆಲ್ಲ ಷಿಕಾಗೋಗೆ ಬಂದಿದ್ದಿತು. ಮಗಳ ವಿದ್ಯಾವ್ಯಾಸಂಗವು ತಾಯಿಗೂ ಸಹೋದರರಿಗೂ ಎಳ್ಳಷ್ಟೂ ಒಪ್ಪಿಗೆಯಾಗಿರಲಿಲ್ಲ. ಹಗಲು ಪ್ರಯೋಗಶಾಲೆ, ಮನೆಗೆ ಬಂದರೆ ಅಡಿಗೆ ಮತ್ತು ಆಕ್ಷೇಪಣೆ: ಈ ಸ್ಥಿತಿಯಲ್ಲಿ ವರ್ಷಗಳು ಕಳೆದವು. ನಮ್ಮ ಹುಡುಗಿಯರ ತಂದೆ ತಾಯಿಗಳು ಇದನ್ನು ಓದುವಾಗ ದೂರದೇಶದ ಮಾತೆಂದು ಭಾವಿಸರೆಂದು ನಂಬುವೆವು.

1919ರಲ್ಲಿಯೂ 1922ರಲ್ಲಿಯೂ ಪ್ರಯೋಗಶಾಲೆಯ ವಿದ್ಯಾರ್ಥಿಗಳಿಗಾಗಿ ಆಕೆ ಬರೆದ ಎರಡು ಕೈಪಿಡಿಗಳು ಅಮೇರಿಕದ ಕಾಲೇಜುಗಳಲ್ಲಿ ಬಹಳವಾಗಿ ಮಾರಾಟವಾದವು. ಎರಡನೆಯದು ಬೆನ್ನೆಲುಬುಳ್ಳ ಪ್ರಾಣಿಗಳನ್ನು ಕುರಿತದ್ದು. ಆಕೆಗೋ ಬೆನ್ನೆಲುಬಿಲ್ಲದವುಗಳ ಮೇಲೆಯೇ ಪ್ರೀತಿ! 1929ರಲ್ಲಿ ತಾಯಿಯು ಮೃತರಾದರು. ಪುಸ್ತಕಗಳ ವರಮಾನದಿಂದ ಮಿತವಾಗಿ ಜೀವಿಸಬಹುದೆಂದು ಕಂಡುಬಂದ ಕೂಡಲೆ ಕೆಲಸವನ್ನು ಬಿಟ್ಟು, ಯೂರೋಪನ್ನು ಸಂಚರಿಸಿ, ನ್ಯೂಯಾರ್ಕಿನಲ್ಲಿ ನೆಲಸಿದರು. 1937ರಿಂದ ಅಲ್ಲಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯವು ಕೆಲಸಮಾಡಲು ಸ್ಥಳವನ್ನು ಕೊಟ್ಟಿತು, ಸಂಬಳವನ್ನು ಕೊಡಲಿಲ್ಲ. ಓದುವುದು, ಟಿಪ್ಪಣಿ ಮಾಡುವುದು, ಬರೆಯುವುದು, ಚಿತ್ರ ಬಿಡಿಸುವುದು ಎಲ್ಲವೂ ಅವರದೇ ಕೈಯಿಂದ.

1940ರಲ್ಲಿ ಹೊರಬಿದ್ದ ಮೊದಲನೆಯ ಸಂಪುಟವು ಏಕಕೋಶಜೀವಿಗಳಿಂದ ಹಿಡಿದು ಟೀನೊಫೋರಗಳವರೆಗೆ ಅತ್ಯಂತ ಸರಳ ಪ್ರಾಣಿಗಳ ವರ್ಣನೆಯಾಗಿದೆ. ಸ್ಪಂಜಿಗೆ ಬಾಯಿಲ್ಲ, ಹೊಟ್ಟೆಯಿಲ್ಲ, ನರಗಳಿಲ್ಲ. ಮೈಯಲ್ಲಿನ ರಂಧ್ರಗಳ ಮೂಲಕ ನೀರು ಒಳಹೊಗುವುದು. ಒಳಗಿನ ಕೋಶಗಳು ಚಾವಟಿಯಂಥ ಎಳೆಗಳನ್ನು ಆಡಿಸಿ ಆ ನೀರನ್ನು ನಡೆಸುತ್ತ, ಅದರಲ್ಲಿನ ಕಣಗಳನ್ನು ಹಿಡಿದು ಉಣ್ಣುವುವು. ಸ್ಪಂಜನ್ನು ರೇಷ್ಮೆಬಟ್ಟೆಯಲ್ಲಿ ಹಿಂಡಿ ಕೋಶಗಳನ್ನು ಬಿಡಿಬಿಡಿಯಾಗಿ ಮಾಡಿದರೂ ಅವು ಮರಳಿ ಕೂಡಿ ಸ್ಪಂಜಾಗುವುದನ್ನು ವಿಲ್ಸನ್ ಎಂಬವರು 1907ರಲ್ಲಿ ತೋರಿಸಿದ್ದರು. ಲೋಳೆಮೀನು, ಹವಳ, ಹೈಡ್ರಗಳ ವರ್ಗದಲ್ಲಾದರೋ ಬಾಯಿಯೂ ಉದರವೂ ನರಗಳ ಬಲೆಯೂ ಉಂಟು. ಸುರುಳಿ ಸುತ್ತಿದ ಎಳೆಯನ್ನು ಚಿಮ್ಮಿ ಕುಟುಕುವ ಕೋಶಗಳು ಇವುಗಳ ವಿಶೇಷವು. ಟೀನೊಫೋರವು ಕುಟುಕುವುದಿಲ್ಲ, ಬಾಚಣಿಗೆಯಂಥ ಎಂಟು ಸಾಲು ರೋಮಗಳನ್ನು ಬಡಿಯುತ್ತ ಈಜುವುದು, ಅಂಟುಕೋಶಗಳಿಂದ ಬೇಟೆಯನ್ನು ಹಿಡಿಯುವುದು. ಆದುದರಿಂದ ಹೈಮನ್‌ರವರು ಈ ಎರಡನ್ನೂ ಬೇರೆ ಬೇರೆ ವಂಶಗಳಾಗಿ ಇಟ್ಟು, ಸ್ಪಂಜುಗಳನ್ನು ಉಳಿದೆಲ್ಲ ಪ್ರಾಣಿಗಳ ಹೆದ್ದಾರಿಯಿಂದ ಆಚೆಗೆ ನಿಲ್ಲಿಸಿದರು.

60 ಕೋಟಿ ವರ್ಷಗಳಿಗೂ ಹಿಂದಿನ ಈ ಕವಲುಗಳಲ್ಲಿ ಮೊದಲು ಒಡೆದುದು ಸ್ಪಂಜಿನದೇ ಎಂದು ಬಹುಕಾಲ ನಂಬಿದ್ದರು. 2008ರಿಂದ ಅನುವಂಶಿಕ ದ್ರವ್ಯದ ಪರೀಕ್ಷೆಗಳು ಟೀನೊಫೋರವೇ ಮೊದಲನೆಯದೆಂದು ಸೂಚಿಸಿವೆ. 2023ರಲ್ಲಿ ವರ್ಣತಂತುಗಳ ಪರೀಕ್ಷೆಯೂ ಆ ಪಕ್ಷವನ್ನೇ ಹಿಡಿಯಿತು. ವಾದವು ಮಾತ್ರ ತೀರಿಲ್ಲ.

1951ರಲ್ಲಿ ಎರಡು ಸಂಪುಟಗಳೂ, 1955ರಲ್ಲಿಯೂ 1959ರಲ್ಲಿಯೂ ಒಂದೊಂದೂ ಬಂದವು. 1960ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯವರು ಸುವರ್ಣಪದಕವನ್ನಿತ್ತರು. ಅಷ್ಟರಲ್ಲಿ ಕೈಕಾಲುಗಳನ್ನು ನಡುಗಿಸುವ ಪಾರ್ಕಿನ್ಸನ್ ರೋಗವು ಅಂಟಿಕೊಂಡಿತು. ಆದರೂ ಶಂಖ ಬಸವನಹುಳುಗಳನ್ನು ಕುರಿತ ಆರನೆಯ ಸಂಪುಟವು 1967ರಲ್ಲಿ ಅಚ್ಚಾಯಿತು. 1969ನೆಯ ಇಸವಿ ಆಗಸ್ಟ್ 3ನೆಯ ತಾರೀಖಿನಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಈ ವಿದುಷಿಯು ನ್ಯೂಯಾರ್ಕಿನಲ್ಲಿ ಕಾಲವಾದರು. ಎರೆಹುಳು, ಏಡಿ, ಕೀಟಗಳ ಸಂಪುಟಗಳು ಬರೆಯಲ್ಪಡದೆ ಉಳಿದವು.